ಶ್ರೀರಂಗಪಟ್ಟಣದ ಕಲ್ಲುಸೇತುವೆ

ಬೇವೂರಿನಿಂದ ಹುನಗುಂದಕ್ಕೆ ಹೋಗತಕ್ಕವರು ಮಲಪ್ರಭೆಯನ್ನು ದಾಟಲೇಬೇಕು. ಮೋಟಾರಿನಲ್ಲಿ ಕುಳಿತವನಿಗೆ ಇಂದು ಅದು ಒಂದು ನಿಮಿಷದ ಮಾತು. ಕಿಟಕಿಯ ಕಡೆ ಮುಖ ತಿರುಗಿಸದಿದ್ದರೆ ಹೊಳೆ ಬಂದುದೂ ತಿಳಿಯದು, ಹೋದುದೂ ತಿಳಿಯದು. ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಊರಿನಲ್ಲಿ ಒಂದು ಹನಿ ಬೀಳದಿದ್ದರೂ ದೂರದ ಕಣಕುಂಬಿಯ ಬೆಟ್ಟಗಳಲ್ಲಿ ಮಳೆ ಹಿಡಿದರೆ ಸಾಕು, ಎರಡು ದಿನಗಳಲ್ಲಿ ಹೊಳೆ ಕೆಂಪಾಗಿ ಏರುತ್ತಿತ್ತು. ಆಚೆ ದಡದ ಸಂತೆ ಆಚೆಯೇ, ಈಚೆ ದಡದ ಬೀಗರು ಈಚೆಯೇ. ಮದುವೆಯ ಮುಹೂರ್ತವನ್ನು ಜೋಯಿಸರು ಇಡುತ್ತಿದ್ದರೆಂಬುದು ಅರ್ಧ ಸತ್ಯ. ಉಳಿದರ್ಧವನ್ನು ಹೊಳೆ ಇಡುತ್ತಿತ್ತು.

ಮಲಪ್ರಭೆಯ ಮಾತಿನಿಂದ ಕಾವೇರಿಯ ಸೇತುವೆಯ ಮಾತಿಗೆ ನಾವು ಹೊರಳುವುದಕ್ಕೆ ಒಂದು ಕಾರಣವುಂಟು. ಕಳೆದ ಬೇಸಗೆಯಲ್ಲಿ ನಮ್ಮ ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಶ್ರೀರಂಗನಾಥನ ದೇವಾಲಯ, ದರಿಯಾ ದೌಲತ್, ಗುಂಬಜ್, ಟಿಪ್ಪೂ ಸುಲ್ತಾನನ ದೇಹ ದೊರೆತ ಸ್ಥಳ, ಇವೆಲ್ಲವನ್ನೂ ಪದ್ಧತಿಯಂತೆ ನೋಡಿ ಮುಗಿಸಿ ಸಂಜೆಯ ಹೊತ್ತಿಗೆ ಹಳೆಯ ಕಲ್ಲುಸೇತುವೆಯ ಬಳಿಗೆ ಬಂದೆವು. ನಮಗೆ ದಾರಿ ತೋರಿಸಿದ ಮುದುಕನು ಅದನ್ನು 'ಹಳೇ ಸೇತುವೆ' ಎಂದನು. ಪುಸ್ತಕಗಳಲ್ಲಿ ಅದರ ಹೆಸರು ವೆಲ್ಲೆಸ್ಲಿ ಸೇತುವೆ. ನೀರು ತಗ್ಗಿದ್ದುದರಿಂದ ಬಂಡೆಗಳ ಮೇಲೆ ಕಾಲಿಡುತ್ತ ಕೆಳಕ್ಕಿಳಿದೆವು. ವೆಲ್ಲೆಸ್ಲಿ ಯಾರು, ಪೂರ್ಣಯ್ಯನವರು ಯಾರು ಎಂಬುದಾಗಿ ಒಂದು ಸಣ್ಣ ಉಪನ್ಯಾಸಕ್ಕೆ ನಾವು ಗಂಟಲು ಸರಿಪಡಿಸಿಕೊಳ್ಳುತ್ತಿರುವಾಗಲೇ, ಹುನಗುಂದದ ಕಡೆಯ ಹುಡುಗನೊಬ್ಬನು ಕತ್ತೆತ್ತಿ ನೋಡಿ, "ಸರ, ಇದು ಸೇತುವೆ ಅಲ್ರಿ. ನಮ್ಮ ಐಹೊಳಿ ಗುಡಿ ಮಂಟಪಾನ ಹೊಳಿಯಾಗ ಉದ್ದಕ್ಕ ನಿಂದರಿಸ್ಯಾರ" ಎಂದನು. ನಾವು ಸಿದ್ಧಪಡಿಸಿಕೊಂಡಿದ್ದ ಉಪನ್ಯಾಸವು ಅಲ್ಲಿಗೆ ಮುಗಿಯಿತು. ಈ ಹೊತ್ತಿನ ಭಾಷಣವು ಆ ಹುಡುಗನ ಒಂದು ವಾಕ್ಯದ ಮೇಲಣ ವ್ಯಾಖ್ಯಾನವೆಂದು ಶ್ರೋತೃಗಳು ತಿಳಿಯಬಹುದು.

ಸೇತುವೆಯ ವಿಷಯವಾಗಿ ಎಲ್ಲರೂ ಬಲ್ಲ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇವೆ. ಅದು 1804ರಲ್ಲಿ ಮೈಸೂರಿನ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಮುಗಿದದ್ದು. ಆಗ ಕಂಪನಿಯ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಗೌರವಾರ್ಥವಾಗಿ ಅದಕ್ಕೆ ಆತನ ಹೆಸರಿಟ್ಟರು. ಕಂಬ ಕಲ್ಲಿನದು, ಕಂಬದ ಮೇಲಣ ಬೋದಿಗೆ ಕಲ್ಲಿನದು, ಬೋದಿಗೆಯಿಂದ ಬೋದಿಗೆಗೆ ಹಾಯ್ದ ತೊಲೆಯೂ ಕಲ್ಲಿನದೇ. ಒಂದೇ ಒಂದು ಕಮಾನು ಅದರಲ್ಲಿಲ್ಲ. ಎರಡು ಶತಮಾನಗಳು ಕಳೆದರೂ ಅದು ನಿಂತಿದೆ. ಹೆದ್ದಾರಿಯ ಭಾರವನ್ನು ಮಾತ್ರ ಹೊಸ ಸೇತುವೆಗಳು ವಹಿಸಿಕೊಂಡಿವೆ.

ಇಷ್ಟನ್ನು ಕೇಳಿದ ಯಾರಿಗೇ ಆಗಲಿ ಒಂದು ಪ್ರಶ್ನೆ ಹುಟ್ಟಬೇಕು. ಕಂಬ, ಬೋದಿಗೆ, ತೊಲೆ ಎಂಬ ಈ ವಿದ್ಯೆಯು ಕನ್ನಡ ನಾಡಿಗೆ 1804ರಲ್ಲಿ ಬಂದುದಲ್ಲ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ, ಎಂದರೆ ಆರರಿಂದ ಎಂಟನೆಯ ಶತಮಾನದವರೆಗೆ, ಐಹೊಳೆಯಲ್ಲಿಯೂ ಪಟ್ಟದಕಲ್ಲಿನಲ್ಲಿಯೂ ಅದು ಪೂರ್ಣ ಪ್ರೌಢಿಮೆಗೆ ಬಂದಿತ್ತು. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಮಂಟಪದಲ್ಲಿ ನಿಂತವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಹಾಗಿದ್ದ ಮೇಲೆ ಸಾವಿರ ವರ್ಷ ಮಂಟಪಗಳನ್ನು ಕಟ್ಟಿದ ಕೈಗಳು ದೊಡ್ಡ ನದಿಗಳ ಮೇಲೆ ಸೇತುವೆಗಳನ್ನು ಏತಕ್ಕೆ ಅಷ್ಟು ವಿರಳವಾಗಿ ಕಟ್ಟಿದವು? ವಿದ್ಯೆಯ ಕೊರತೆಯೆನ್ನಲಾಗದು. ಕಲ್ಲಿನ ಕೊರತೆಯೆಂದರೆ ಈ ನಾಡನ್ನು ನೋಡಿದವರು ನಕ್ಕಾರು.

ಮೊದಲನೆಯ ಉತ್ತರ ಸರಳವಾದುದು: ಹರಿಗೋಲಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ವರ್ತಕ ಡೊಮಿಂಗೊ ಪಾಯಿಸನು ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಅವು ಹೊರುತ್ತಿದ್ದವು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಒಯ್ಯುತ್ತಿದ್ದವು. ನೆಟ್ಟಗೆ ಹೋಗಲಾರದೆ ಗಿರಗಿರನೆ ತಿರುಗುತ್ತಲೇ ಆಚೆ ದಡ ಸೇರುತ್ತಿದ್ದವು. ಬಂಡೆಗಳು ತಲೆಯೆತ್ತಿರುವ ನಮ್ಮ ನದಿಗಳಿಗೆ ಇದಕ್ಕಿಂತ ಯೋಗ್ಯವಾದ ವಾಹನವಿಲ್ಲ. ಬಂಡೆಗೆ ತಗುಲಿದರೆ ಮರದ ದೋಣಿ ಒಡೆಯುತ್ತದೆ, ಹರಿಗೋಲು ಬಳುಕಿ ಜಾರುತ್ತದೆ. ಬಿದಿರು, ತೊಗಲು, ಒಂದು ಹುಟ್ಟು, ಮತ್ತು ಅಂಬಿಗನ ತೋಳು, ಇಷ್ಟರಿಂದ ಕೆಲಸ ಸಾಗುತ್ತಿದ್ದಾಗ ಕಲ್ಲಿನ ಸೇತುವೆಗೆ ಬೊಕ್ಕಸ ಬರಿದು ಮಾಡುವ ಅರಸರು ಅಪರೂಪ.

ಎರಡನೆಯ ಉತ್ತರವು ಅಷ್ಟು ಮುಗ್ಧವಾದುದಲ್ಲ. ನದಿಯು ದಾಟಲಾಗದಂತಿರುವುದೇ ಅನೇಕರಿಗೆ ಬೇಕಾಗಿತ್ತು. ಶ್ರೀರಂಗಪಟ್ಟಣವೇ ಇದಕ್ಕೆ ಸಾಕ್ಷಿ. ಕಾವೇರಿಯು ಎರಡಾಗಿ ಸೀಳಿ ಮತ್ತೆ ಒಂದಾಗುವ ನಡುವಿನ ದ್ವೀಪದಲ್ಲಿ ಕೋಟೆ. ಕೋಟೆಗೆ ಮನುಷ್ಯರು ತೋಡಿದ ಕಂದಕ ಬೇರೆ ಇದ್ದರೂ ದೊಡ್ಡ ಕಂದಕವನ್ನು ಪ್ರಕೃತಿಯೇ ತೋಡಿಕೊಟ್ಟಿತ್ತು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲೀಸನು ದೊಡ್ಡ ದಂಡಿನೊಡನೆ ಬಂದು ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದನು. ಗೆದ್ದರೂ ಪಟ್ಟಣವನ್ನು ಮುಟ್ಟಲಾರದೆ ಹೋದನು. ಮಳೆ ಹಿಡಿದಿತ್ತು, ದವಸ ಮುಗಿದಿತ್ತು, ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕನ್ನಂಬಾಡಿಯ ಕಡವಿನವರೆಗೆ ಹೋಗಿ, ಕೋಟೆ ಒಡೆಯಲೆಂದು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಮುಂದೆ ಕೃಷ್ಣರಾಜಸಾಗರದ ಕಟ್ಟೆ ಎದ್ದದ್ದು ಆ ಕನ್ನಂಬಾಡಿಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯದಿರಲಾರೆವು. ಮುಂದಿನ ಸಲ ಕಾರ್ನ್‌ವಾಲೀಸನು ಬಂದುದು ಫೆಬ್ರವರಿಯಲ್ಲಿ. 1799ರಲ್ಲಿ ಜನರಲ್ ಹ್ಯಾರಿಸನು ಮುತ್ತಿಗೆ ಹಾಕಿದ್ದು ಏಪ್ರಿಲಿನಲ್ಲಿ. ಮುಂಗಾರು ಒಡೆಯುವುದಕ್ಕೆ ಮುಂಚೆ ಕೋಟೆ ಬೀಳದಿದ್ದರೆ ತಮ್ಮ ಗತಿ 1791ರದೇ ಎಂದು ಇಂಗ್ಲಿಷರಿಗೆ ಚೆನ್ನಾಗಿ ಗೊತ್ತಿತ್ತು. ಮೇ 4ನೆಯ ತಾರೀಖು ನಡುಮಧ್ಯಾಹ್ನ ಸಿಪಾಯಿಗಳು ಬಂಡೆಗಳ ನಡುವಣ ತಗ್ಗು ನೀರಿನಲ್ಲಿ ನುಗ್ಗಿ ನದಿಯನ್ನು ಹಾಯ್ದು ಕೋಟೆಯ ಒಡಕನ್ನು ಏರಿದರು. ಅದೇ ನದಿ ಕೆಲವು ವಾರಗಳ ಅನಂತರ ಆನೆಯನ್ನೂ ತೇಲಿಸಿಕೊಂಡು ಹೋಗುವಂತಿರುತ್ತಿತ್ತು. ಕಾವೇರಿಯು ಟಿಪ್ಪೂವಿಗೆ ಕೈಕೊಟ್ಟಿತೆಂದು ಕೆಲವರು ಕವಿತ್ವ ಮಾಡುವುದುಂಟು. ಕಾವೇರಿಯು ತನ್ನ ವಾಡಿಕೆಯಂತೆಯೇ ನಡೆಯಿತು, ಇಂಗ್ಲಿಷರು ಪಂಚಾಂಗವನ್ನು ಕಲಿತುಕೊಂಡಿದ್ದರು ಅಷ್ಟೆ.

ಪಟ್ಟಣ ಬಿದ್ದ ಗೊಂದಲದಲ್ಲಿ ಸೆರೆಮನೆಯಿಂದ ಬಿಡಿಸಿಕೊಂಡು ಹೋದವರಲ್ಲಿ ಧೋಂಡಿಯ ವಾಘನೊಬ್ಬನು. ಅವನು ಉತ್ತರಕ್ಕೆ ಬಂದು ದಂಡು ಕೂಡಿಸಿದನು. ಗವರ್ನರ್ ಜನರಲನ ತಮ್ಮನೂ ಶ್ರೀರಂಗಪಟ್ಟಣದ ಸೇನಾಧಿಕಾರಿಯೂ ಆಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಮಳೆಗಾಲದಲ್ಲಿ ಅವನನ್ನು ಬೆನ್ನಟ್ಟಿ ನಮ್ಮ ಮಲಪ್ರಭೆಯ ಸೀಮೆಗೆ ಬಂದನು. ಜುಲೈ 30ರಂದು ಮುನವಳ್ಳಿಯ ಬಳಿ, ತುಂಬಿದ ಹೊಳೆಗೂ ಶತ್ರುವಿಗೂ ನಡುವೆ ಸಿಕ್ಕಿಬಿದ್ದ ಧೋಂಡಿಯನ ದಂಡಿನ ಭಾಗವೊಂದು ನೀರುಪಾಲಾಯಿತು. ಆದರೆ ಅದೇ ಹೊಳೆ ವೆಲ್ಲೆಸ್ಲಿಯನ್ನೂ ತಡೆದು ಕೂರಿಸಿತು. ಹರಿಗೋಲುಗಳನ್ನು ಹೆಣೆಯಿಸಿಕೊಂಡು ಅವನು ದಾಟಬೇಕಾಯಿತು. ಧೋಂಡಿಯನು ಸೆಪ್ಟೆಂಬರಿನಲ್ಲಿ ಕೋಣಗಲ್ಲಿನ ಬಳಿ ಮಡಿದನು. ಈ ದಂಡಯಾತ್ರೆಯಿಂದ ವೆಲ್ಲೆಸ್ಲಿ ಕಲಿತ ಪಾಠವನ್ನು ಅವನ ಮುಂದಿನ ಬರಹಗಳಲ್ಲಿ ಕಾಣಬಹುದು: ಕುದುರೆಯ ಬಲವನ್ನು ನಂಬಿದ ಮರಾಠರೊಡನೆ ಕಾದಲು ನದಿಗಳು ತುಂಬಿರುವ ಕಾಲವೇ ಉತ್ತಮ; ದಾಟುವ ಸಾಧನ ಯಾರ ಕೈಯಲ್ಲಿದೆಯೋ ತುಂಬಿದ ಹೊಳೆ ಅವರ ಪಕ್ಷ. ಈತನೇ ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್‌ಟನ್. ಅವನಿಗೆ ನಮ್ಮ ಮಲಪ್ರಭೆಯೂ ಒಂದಿಷ್ಟು ವಿದ್ಯಾಭ್ಯಾಸ ಮಾಡಿಸಿತೆಂದು ಹೇಳಿದರೆ ಅತ್ಯುಕ್ತಿಯಾಗಲಾರದು.

ಈ ಹಿನ್ನೆಲೆಯಲ್ಲಿ 1804ರ ಸೇತುವೆಯನ್ನು ನೋಡಬೇಕು. 1799ರ ಒಪ್ಪಂದದಂತೆ ಮೈಸೂರು ಸಿಂಹಾಸನವು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದ ಕೋಟೆಯೂ ದ್ವೀಪವೂ ಕಂಪನಿಯ ಕೈಯಲ್ಲಿ ಉಳಿದವು. ಹೈದರ್ ಮತ್ತು ಟಿಪ್ಪೂ ಇಬ್ಬರ ಬಳಿಯೂ ಹಣಕಾಸಿನ ಲೆಕ್ಕವನ್ನು ನೋಡಿಕೊಂಡಿದ್ದ ಪೂರ್ಣಯ್ಯನವರು ಈಗ ಬಾಲರಾಜರ ದಿವಾನರು. ನದಿಯಿಂದ ಕೋಟೆಯನ್ನು ಕಾಯುವ ಅಗತ್ಯ ತೀರಿಹೋಗಿತ್ತು. ಹೊಸ ಅಗತ್ಯವೆಂದರೆ ಮೈಸೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಮದರಾಸಿಗೆ ಮಳೆಗಾಲದಲ್ಲಿಯೂ ಕಡಿಯದ ದಾರಿ: ದಂಡು ಹೋಗಬೇಕು, ಟಪಾಲು ಹೋಗಬೇಕು, ಕಾಳಿನ ಬಂಡಿ ಹೋಗಬೇಕು. ಒಂದೇ ತಲೆಮಾರಿನೊಳಗೆ, ಒಬ್ಬನೇ ಮಂತ್ರಿಯ ಆಯುಷ್ಯದೊಳಗೆ, ಅದೇ ನದಿಯು ಕೋಟೆಯ ಕಾವಲುಗಾರನ ಸ್ಥಾನದಿಂದ ದಾರಿಯ ಅಡ್ಡಿಯ ಸ್ಥಾನಕ್ಕೆ ಇಳಿಯಿತು. 1791ರಲ್ಲಿ ಕಾವೇರಿ ಏರಲೆಂದು ಹರಸಿಕೊಂಡಿರಬಹುದಾದ ಪೂರ್ಣಯ್ಯನವರೇ ಈಗ ಅದು ಏರಿದರೂ ದಾಟುವಂತಾಗಬೇಕೆಂದು ಕಲ್ಲು ಕಡಿಸಿದರು. ಹೊಸ ಧಣಿಗಳ ಮೆಚ್ಚುಗೆಗಾಗಿ ಮಾಡಿದರೆಂದು ಹೇಳುವವರಿದ್ದಾರೆ. ಹೆಸರನ್ನು ನೋಡಿದರೆ ಆ ಮಾತನ್ನು ತಳ್ಳಿಹಾಕಲಾಗದು. ಕಲ್ಲನ್ನು ನೋಡಿದರೆ ಅದಷ್ಟೇ ಎಂದು ಒಪ್ಪಲೂ ಆಗದು.

ಇನ್ನು ಕಲ್ಲಿನ ಕಡೆಗೆ ಬರೋಣ.

ಮೈಸೂರು ಸೀಮೆಯ ಕಣಶಿಲೆಯನ್ನು ಬಂಡೆಯಿಂದ ಬಿಡಿಸುವ ವಿದ್ಯೆ ಬಹು ಹಳೆಯದು. ಹಾಸುಬಂಡೆಯ ಮೇಲೆ ಸೌದೆಯನ್ನು ಉರಿಸಿ, ಆ ಕಾವಿಗೆ ಮೇಲಣ ಪದರವು ಹಿಗ್ಗಿ ಅಡಿಯಿಂದ ಬಿಡುವಂತೆ ಮಾಡುತ್ತಾರೆ. ಬೆಂಕಿಯನ್ನು ಸ್ವಲ್ಪಸ್ವಲ್ಪವಾಗಿ ಮುಂದೆ ಸರಿಸುತ್ತ, ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನ ಮೇಲೆ ಪದರ ಎಲ್ಲಿಯವರೆಗೆ ಎದ್ದಿದೆಯೆಂದು ಅರಿಯುತ್ತಾರೆ. ಎದ್ದ ಪದರದ ಮೇಲೆ ಗೆರೆ ಹಿಡಿದಂತೆ ಸಣ್ಣ ಗುಳಿಗಳನ್ನು ಕೊರೆದು, ಅವುಗಳಲ್ಲಿ ಬೆಣೆ ಇಟ್ಟು, ಒಂದೊಂದನ್ನೂ ಸರದಿಯಾಗಿ ಹೊಡೆಯುತ್ತ ಹೋದರೆ ಕಲ್ಲು ಆ ಗೆರೆಯಲ್ಲಿಯೇ ಸೀಳುತ್ತದೆ. ಒಂದು ಬೆಣೆಗೆ ಹೆಚ್ಚು ಪೆಟ್ಟು ಬಿದ್ದರೆ ಸೀಳು ದಾರಿ ತಪ್ಪಿ ತಿಂಗಳ ದುಡಿಮೆ ಹಾಳು. ಈ ಕೆಲಸವನ್ನು ನಕ್ಷೆಯಲ್ಲಿ ಬರೆದು ಕಲಿಸಲಾಗುವುದಿಲ್ಲ; ಅಪ್ಪನ ಪಕ್ಕದಲ್ಲಿ ಕುಳಿತು ಕಿವಿಯಿಂದ ಕಲಿಯಬೇಕು.

ಹೀಗೆ ದೊರೆತ ಉದ್ದನೆಯ ಕಲ್ಲನ್ನು ನಿಲ್ಲಿಸಿದರೆ ಕಂಬ, ಮಲಗಿಸಿದರೆ ತೊಲೆ. ಆದರೆ ನಿಂತ ಕಲ್ಲಿಗೂ ಮಲಗಿದ ಕಲ್ಲಿಗೂ ಪ್ರಕೃತಿಯು ಒಂದೇ ಬಗೆಯ ಬಲವನ್ನು ಕೊಟ್ಟಿಲ್ಲ. ನಿಂತ ಕಂಬದ ಮೇಲೆ ಭಾರ ಹೇರಿದರೆ ಕಲ್ಲು ಒತ್ತಲ್ಪಡುತ್ತದೆ; ಒತ್ತಡವನ್ನು ತಡೆಯುವುದರಲ್ಲಿ ಕಣಶಿಲೆಗೆ ಸಮಾನವಾದವು ಕಡಿಮೆ. ಎರಡು ಕಂಬಗಳ ಮೇಲೆ ಮಲಗಿದ ತೊಲೆಯ ಕಥೆ ಬೇರೆ. ಅದರ ಮೇಲೆ ಬಂಡಿ ಬಂದು ನಿಂತರೆ ತೊಲೆಯು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆಯಲ್ಪಡುತ್ತದೆ. ಎಳೆತವನ್ನು ತಾಳುವ ಶಕ್ತಿ ಕಲ್ಲಿನಲ್ಲಿ ಬಹಳ ಸ್ವಲ್ಪ. ಒತ್ತಡವನ್ನು ತಾಳುವ ಶಕ್ತಿಯ ಹತ್ತನೆಯ ಒಂದು ಪಾಲೂ ಇರಲಿಕ್ಕಿಲ್ಲ. ಆದುದರಿಂದ ಕಲ್ಲಿನ ತೊಲೆ ಮುರಿಯುವುದಾದರೆ ಯಾವಾಗಲೂ ಅಡಿಯಿಂದ, ನಡುವಿನಲ್ಲಿ, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಮರವಾದರೆ ಮುರಿಯುವ ಮುಂಚೆ ಕಿರುಗುಟ್ಟಿ ಹೇಳುತ್ತದೆ. ಕಲ್ಲು ಹೇಳುವುದಿಲ್ಲ.

ಇಲ್ಲಿಯೇ ಬೋದಿಗೆಯ ಮಹತ್ವವಿರುವುದು. ದೇವಾಲಯದಲ್ಲಿ ಬೋದಿಗೆಯನ್ನು ನಾವು ಅಲಂಕಾರವೆಂದು ನೋಡಿ ಮುಂದೆ ಹೋಗುತ್ತೇವೆ. ಕಂಬದ ತಲೆಯ ಮೇಲೆ ಎರಡು ಕಡೆಗೂ ಕೈಚಾಚಿದ ಆ ಕಲ್ಲು ತೊಲೆಯನ್ನು ಕಂಬದಿಂದ ಕಂಬದವರೆಗೆ ಹಾರಗೊಡದೆ, ಎರಡು ಬದಿಯಿಂದಲೂ ಮುಂದೆ ಬಂದು ಹಿಡಿದುಕೊಳ್ಳುತ್ತದೆ. ತೊಲೆಯ ಮೇಲಣ ಬಾಗುಬಲವು ಅಂತರದಷ್ಟೇ ಬೆಳೆಯುವುದಿಲ್ಲ. ಒಂದೇ ಸಮನಾಗಿ ಹರಡಿದ ಭಾರವಾದರೆ ಅಂತರದ ವರ್ಗದಂತೆ ಬೆಳೆಯುತ್ತದೆ. ಅಂತರ ಇಮ್ಮಡಿಯಾದರೆ ಬಾಗುಬಲ ನಾಲ್ಮಡಿ. ಉದಾಹರಣೆಗಾಗಿ, ಕಂಬಗಳ ನಡುವೆ ಒಂಬತ್ತು ಅಡಿಗಳಿವೆಯೆಂದು ಇಟ್ಟುಕೊಳ್ಳೋಣ. ಬೋದಿಗೆ ಎರಡು ಕಡೆಯಿಂದಲೂ ಒಂದೂವರೆ ಅಡಿ ಮುಂಚಾಚಿದರೆ ತೊಲೆ ಹಾಯಬೇಕಾದದ್ದು ಆರೇ ಅಡಿ. ಮೂರರಲ್ಲಿ ಒಂದು ಪಾಲು ಅಂತರ ತಗ್ಗಿತು, ಬಾಗುಬಲವೋ ಅರ್ಧಕ್ಕಿಂತಲೂ ಕೆಳಗಿಳಿಯಿತು. ಪಟ್ಟದಕಲ್ಲಿನ ಶಿಲ್ಪಿಯು ಈ ಗಣಿತವನ್ನು ಬರೆದಿಟ್ಟಿರಲಾರನು. ಆದರೆ ತೊಲೆ ಮುರಿದುದನ್ನು ಅವನ ಮುತ್ತಜ್ಜ ಕಂಡಿದ್ದನು, ಆ ನೆನಪೇ ಬೋದಿಗೆಯಾಗಿ ಕುಳಿತಿದೆ. ಶ್ರೀರಂಗಪಟ್ಟಣದಲ್ಲಿ ಅದೇ ಬೋದಿಗೆ ಹೂಬಳ್ಳಿಗಳನ್ನು ಕಳಚಿಟ್ಟು ದುಡಿಮೆಗೆ ನಿಂತಿದೆ.

ಮಂಟಪಕ್ಕಿಲ್ಲದ ಒಂದು ಕಷ್ಟ ಸೇತುವೆಗುಂಟು. ಅದು ತಳಪಾಯದ್ದು. ಇಟಲಿಯ ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಒಂದು ಅಮೃತಶಿಲೆಯ ಕಂಬದ ಕಥೆ ಹೇಳುತ್ತಾನೆ. ಎರಡು ದಿಮ್ಮಿಗಳ ಮೇಲೆ ಮಲಗಿಸಿದ್ದ ಕಂಬವು ನಡುವೆ ಮುರಿದೀತೆಂದು ಹೆದರಿ, ನಡುವಿಗೂ ಒಂದು ದಿಮ್ಮಿಯನ್ನು ಕೊಟ್ಟರು. ಕೆಲವು ತಿಂಗಳಲ್ಲಿ ಕಂಬ ಸರಿಯಾಗಿ ಆ ಹೊಸ ದಿಮ್ಮಿಯ ಮೇಲೆಯೇ ಮುರಿಯಿತು. ತುದಿಯ ದಿಮ್ಮಿಯೊಂದು ಕೊಳೆತು ಕುಸಿದಿತ್ತು, ನಡುವಿನದು ಕುಸಿಯಲಿಲ್ಲ, ಆಧಾರವೇ ಶತ್ರುವಾಯಿತು. ಕಲ್ಲಿನ ಕಟ್ಟಡಕ್ಕೆ ಭಾರಕ್ಕಿಂತಲೂ ಅಪಾಯಕರವಾದುದು ಈ ಸಮವಿಲ್ಲದ ಕುಸಿತ. ಮರಳಿನಲ್ಲಿ ನಿಂತ ಸಾಲುಕಂಬಗಳಲ್ಲಿ ಒಂದು ನಾಲ್ಕು ಬೆರಳು ಇಳಿದರೂ ಅದರ ಮೇಲಣ ಕಲ್ಲುಗಳು ಅಲುಗಿ ಬಿರುಕು ಬಿಡುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಪಾತ್ರವು ಬಂಡೆ. ಇಂಥ ಸೇತುವೆಗಳಲ್ಲಿ ಕಂಬದ ಬುಡಕ್ಕೆ ಬಂಡೆಯೇ ತಳಪಾಯ, ಬಂಡೆ ಕುಸಿಯುವುದಿಲ್ಲ. ಶಿವನಸಮುದ್ರದಲ್ಲಿಯೂ ಹಂಪೆಯಲ್ಲಿಯೂ ಇದೇ ಬಗೆಯ ಸೇತುವೆಗಳು ಎದ್ದದ್ದು, ಅಲ್ಲಿಯೂ ನದಿಯ ತಳ ಬಂಡೆಯಾಗಿರುವುದರಿಂದ. ಮರಳು ತುಂಬಿದ ಪಾತ್ರಗಳಲ್ಲಿ ಹೀಗೆ ಕಟ್ಟುವುದು ಸಾಧ್ಯವಿರಲಿಲ್ಲ. ಕೆಲಸವೂ ಬೇಸಗೆಯ ಕೆಲವೇ ತಿಂಗಳು ನಡೆಯಬೇಕು. ಮಳೆಗಾಲದಲ್ಲಿ ಕಲ್ಲುಕುಟಿಗರು ದಡದಲ್ಲಿ ಕಲ್ಲು ಕೆತ್ತುತ್ತ ನೀರಿಳಿಯುವುದನ್ನು ಕಾಯಬೇಕು.

ಕಮಾನನ್ನು ಏಕೆ ಬಿಟ್ಟರೆಂದು ಕೇಳಬಹುದು. ಗೊತ್ತಿಲ್ಲದ್ದಕ್ಕೆ ಬಿಟ್ಟರೆಂದು ಹೇಳಲಾಗುವುದಿಲ್ಲ. ನಮ್ಮ ಬಾಗಲಕೋಟೆ 1997ರವರೆಗೆ ಯಾವ ಜಿಲ್ಲೆಗೆ ಸೇರಿತ್ತೋ ಆ ವಿಜಾಪುರದಲ್ಲಿಯೇ, 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಗೋಳಗುಮ್ಮಟವು ನಿಂತಿದೆ. ಕಮಾನಿನ ವಿದ್ಯೆ ಅದಕ್ಕಿಂತ ಮೇಲಕ್ಕೆ ಹೋದದ್ದು ಲೋಕದಲ್ಲಿಯೇ ವಿರಳ. ಬೇವೂರಿನಲ್ಲಿ ನಿಂತವನಿಗೆ ಒಂದು ಕಡೆ ತೊಲೆಯ ಪಟ್ಟದಕಲ್ಲು, ಇನ್ನೊಂದು ಕಡೆ ಕಮಾನಿನ ವಿಜಾಪುರ. ಇಂಥ ಭಾಗ್ಯ ಎಲ್ಲರಿಗಿಲ್ಲ. ಕಮಾನಿನಲ್ಲಿ ಎಳೆತವೇ ಇಲ್ಲ, ಎಲ್ಲವೂ ಒತ್ತಡ. ಆದುದರಿಂದ ಅದು ದೂರ ಹಾಯಬಲ್ಲುದು. ಆದರೆ ಕಟ್ಟುವಾಗ ಅಡಿಯಲ್ಲಿ ಮರದ ಅಚ್ಚು ನಿಲ್ಲಿಸಬೇಕು, ನಡುಗಲ್ಲು ಬೀಳುವ ಮುಂಚೆ ಹೊಳೆ ಬಂದರೆ ಅಚ್ಚೂ ಹೋಯಿತು ಕಮಾನೂ ಹೋಯಿತು. ಅಲ್ಲದೆ ಸಾಲುಕಮಾನುಗಳು ಒಂದರ ಹೆಗಲನ್ನು ಇನ್ನೊಂದು ಒತ್ತಿ ನಿಂತಿರುತ್ತವೆ. ಒಂದು ಬಿದ್ದರೆ ನೆರೆಯದಕ್ಕೂ ಆಪತ್ತು. ತೊಲೆಯ ಸೇತುವೆಯಲ್ಲಿ ಪ್ರತಿ ಅಂಕಣವೂ ಸ್ವತಂತ್ರ. ಒಂದು ತೊಲೆ ಹೋದರೆ ಒಂದೇ ತೊಲೆ. ಮುಂದಿನ ಬೇಸಗೆಯಲ್ಲಿ ಅದನ್ನೇರಿಸಬಹುದು. ಸಂಸ್ಥಾನದ ಬೊಕ್ಕಸವನ್ನು ಬಲ್ಲ ದಿವಾನನಿಗೆ ಇದು ರುಚಿಸಿದ್ದರೆ ಆಶ್ಚರ್ಯವಿಲ್ಲವೆಂದು ನಮ್ಮ ಊಹೆ.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಏನಿತ್ತೆಂದು ನೋಡಿದರೆ ನಮ್ಮವರ ಬಗ್ಗೆ ನಾಚಬೇಕಾಗಿಲ್ಲ. ಕೋಲ್‌ಬ್ರುಕ್‌ಡೇಲಿನ ಬಳಿ ಎರಕದ ಕಬ್ಬಿಣದ ಕಮಾನು ನೂರಡಿ ಹಾಯ್ದು 1779ರಲ್ಲಿಯೇ ಎದ್ದಿತ್ತು, ನಿಜ. ಆದರೆ ಲಂಡನ್ ನಗರದ ಮುಖ್ಯ ಸೇತುವೆ 1804ರಲ್ಲಿಯೂ 1209ರದೇ. ಅದರ ಕಟ್ಟೆಗಂಬಗಳು ಎಷ್ಟು ದಪ್ಪವೆಂದರೆ ಥೇಮ್ಸ್ ನದಿಯು ಅಣೆಕಟ್ಟಿಗೆ ಸಿಕ್ಕಿದಂತೆ ಹಿಂದೆ ನಿಂತು, ಕೊರೆಯುವ ಚಳಿಗಾಲಗಳಲ್ಲಿ ಹೆಪ್ಪುಗಟ್ಟುತ್ತಿತ್ತು. 1814ರಲ್ಲಿ ಜನರು ಆ ಮಂಜುಗಡ್ಡೆಯ ಮೇಲೆ ಕಡೆಯ ಸಲ ಜಾತ್ರೆ ನಡೆಸಿದರು. ಅದರ ಬದಲು ಹೊಸ ಸೇತುವೆ ತೆರೆದದ್ದು 1831ರಲ್ಲಿ.

ದಪ್ಪ ಕಂಬಗಳ ಈ ದೋಷದ ಸೋದರಸಂಬಂಧಿಯೊಂದು ನಮ್ಮ ಸೇತುವೆಗೂ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ತೊಲೆ ಗಿಡ್ಡವಾದುದರಿಂದ ಕಂಬ ಒತ್ತಾಗಿರಬೇಕು. ನೀರು ಒತ್ತುಗಂಬಗಳ ನಡುವೆ ಹರಿದೀತು, ಪ್ರವಾಹವು ಬೇರುಸಹಿತ ಕಿತ್ತು ತಂದ ಮರ ಹರಿಯಲಾರದು. ಮರ ಅಡ್ಡ ಬಿತ್ತೆಂದರೆ ಅದರ ಹಿಂದೆ ಕಸ, ಕಸದ ಹಿಂದೆ ಇನ್ನೊಂದು ಮರ. ನೀರು ಮೇಲೇರಿ ತೊಲೆಗಳನ್ನು ಪಕ್ಕದಿಂದ ನೂಕುತ್ತದೆ. ತೊಲೆಯನ್ನು ಅದರ ತೂಕವೇ ಹಿಡಿದಿರುವುದು. ನೀರಿನಲ್ಲಿ ಮುಳುಗಿದ ಕಲ್ಲು ತನ್ನ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪ ತುಂಗಭದ್ರೆಯೊಳಗೆ ಸಾಲಾಗಿ ನಿಂತಿರುವ ಕಲ್ಲುಕಂಬಗಳನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಕಂಬಗಳಿವೆ, ಮೇಲಣದು ಹೋಗಿದೆ. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದೇ ಬಗೆಯಲ್ಲಿ ಸೇತುವೆಗಳನ್ನು ಕಟ್ಟಿಸಿ 'ಜನೋಪಕಾರ ಕಾಮಕರ್ತ' ಎಂಬ ಬಿರುದನ್ನು ಪಡೆದರು. ಆ ಹಳೆಯ ಸೇತುವೆಯ ಒಂದು ಭಾಗವನ್ನು 2018ರ ಪ್ರವಾಹವು ಕೊಚ್ಚಿಕೊಂಡು ಹೋಯಿತು. 1924ರ ಜುಲೈ ತಿಂಗಳ ಮಹಾಪ್ರವಾಹವನ್ನು ಕಾವೇರಿಯ ದಡದವರು ತಲೆಮಾರುಗಳವರೆಗೆ ಮರೆಯಲಿಲ್ಲ. ಅದನ್ನೂ ಕಂಡು ಶ್ರೀರಂಗಪಟ್ಟಣದ ಸೇತುವೆ ನಿಂತಿದೆಯೆಂದರೆ, ಅದು ದೋಷರಹಿತವಾದುದರಿಂದಲ್ಲ; ಬುಡ ಗಟ್ಟಿಯಾಗಿರುವುದರಿಂದ.

ಯಾವ ದಂಡಿನ ಅನುಕೂಲವೂ ಆ ಸೇತುವೆಯ ಉದ್ದೇಶಗಳಲ್ಲೊಂದಾಗಿತ್ತೋ ಆ ದಂಡು ಬಹುಕಾಲ ಅಲ್ಲಿರಲಿಲ್ಲ. ದ್ವೀಪದ ಚಳಿಜ್ವರಕ್ಕೆ ಸಿಪಾಯಿಗಳು ಸಾಯುತ್ತಿದ್ದುದರಿಂದ ಕಂಪನಿಯು 1809ರ ವೇಳೆಗೆ ಬೆಂಗಳೂರಿನಲ್ಲಿ ದಂಡುಪ್ರದೇಶವನ್ನು ಏರ್ಪಡಿಸಿ ಕೆಲವೇ ವರ್ಷಗಳಲ್ಲಿ ಸೈನ್ಯವನ್ನು ಅಲ್ಲಿಗೆ ಸಾಗಿಸಿತು. ಹೆಸರಿನ ಒಡೆಯನೂ 1805ರಲ್ಲಿ ಅಧಿಕಾರ ಬಿಟ್ಟು ಹೋದನು. ಅವನ ಸ್ಥಾನಕ್ಕೆ ಮತ್ತೆ ಬಂದವನು, 1791ರಲ್ಲಿ ಕಾವೇರಿಯಿಂದ ಹಿಂದಿರುಗಿದ್ದ ಅದೇ ಕಾರ್ನ್‌ವಾಲೀಸ್. ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ಇಳಿದು ಮರುವರ್ಷ ತೀರಿಕೊಂಡರು. ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಅವರು ತೋಡಿಸಿದ ನಾಲೆ ಕೈಗೂಡಲಿಲ್ಲ, ಸೇತುವೆ ಕೈಗೂಡಿತು. ಉಳಿದವರು ಬಂಡಿಯವರು. ಬೆಲ್ಲದ ಬಂಡಿ, ಭತ್ತದ ಬಂಡಿ, ಚಾಮುಂಡಿಯ ದರ್ಶನಕ್ಕೆ ಹೋಗುವವರ ಬಂಡಿ, ಇವುಗಳ ಗಾಲಿಯ ಕೆಳಗೆ ಗವರ್ನರ್ ಜನರಲನ ಹೆಸರು ಸವೆದುಹೋಯಿತು. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಾಗ ಕಲ್ಲಿನ ತೊಲೆಗಳ ಕಾಲ ಮುಗಿದಿತ್ತು. ಎರಡು ವರ್ಷಗಳ ತರುವಾಯ ಹೊಟಗಿ ಗದಗ ಮಾರ್ಗವು ನಮ್ಮ ಬಾಗಲಕೋಟೆಯನ್ನು ಮುಟ್ಟಿ, ಕೃಷ್ಣೆಯ ಮೇಲೂ ಉಗಿಬಂಡಿ ಓಡಿತು.

ಕಲ್ಲನ್ನು ಕಾಯಿಸಿ, ತಟ್ಟಿ, ಸೀಳಿ, ಹೊತ್ತು, ನೀರಿನಲ್ಲಿ ನಿಂತು ಕಂಬ ನಿಲ್ಲಿಸಿದ ಕಲ್ಲುಕುಟಿಗರ ಹೆಸರು ಅಲ್ಲಿಯೂ ನಮಗೆ ದೊರೆಯಲಿಲ್ಲ, ಪುಸ್ತಕಗಳಲ್ಲಿಯೂ ದೊರೆಯಲಿಲ್ಲ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಸೂತ್ರಧಾರಿಯನ್ನು ಹೊಗಳಿ ಶಾಸನ ಬರೆಯಿಸಿದ್ದಾರೆ. ಅಷ್ಟರ ಮಟ್ಟಿಗೆ ಎಂಟನೆಯ ಶತಮಾನವು ಹತ್ತೊಂಬತ್ತನೆಯದಕ್ಕಿಂತ ಉದಾರವಾಗಿತ್ತೆಂದು ನಮಗೆ ತೋರುತ್ತದೆ.

ಆ ಸಂಜೆ ಹುಡುಗರು ಸೇತುವೆಯಡಿಯಿಂದ ಏಳಲೊಲ್ಲದೆ, ಕಂಬದಿಂದ ಕಂಬಕ್ಕೆ ಎಷ್ಟು ಮೊಳವೆಂದು ಅಳೆಯುತ್ತ, ಒಬ್ಬನ ಮೊಳ ಇನ್ನೊಬ್ಬನ ಮೊಳಕ್ಕೆ ಹೊಂದದೆ ಜಗಳವಾಡುತ್ತ ಕತ್ತಲೆ ಮಾಡಿದರು. ಮರುದಿನ ರಾತ್ರಿ ನಮ್ಮ ಬಸ್ಸು ಹೊಸಪೇಟೆ, ಇಳಕಲ್ಲು, ಹುನಗುಂದಗಳನ್ನು ದಾಟಿ ಮಲಪ್ರಭೆಯ ಮೇಲೆ ಬಂದಾಗ ಎಲ್ಲರೂ ನಿದ್ದೆಯಲ್ಲಿದ್ದರು, ಆ ಹುಡುಗನೊಬ್ಬನ ಹೊರತು. ಅವನು ಕಿಟಕಿಗೆ ಮುಖವಿಟ್ಟು ನೋಡಿದನು, ಕಂಬಗಳು ಕಾಣಲಿಲ್ಲ. ಸೇತುವೆಯ ಅಂಕಣಗಳು ಕೂಡುವೆಡೆಗಳ ಮೇಲೆ ಗಾಲಿ ಹಾಯ್ದ ಸದ್ದು ಮಾತ್ರ ಕೇಳಿಸುತ್ತಿತ್ತು. ಅವನು ಅದನ್ನು ಬೆರಳಿನಲ್ಲಿ ಎಣಿಸುತ್ತಿದ್ದನು.